ಬಣ್ಣ ನಂಬಬೇಡಿ, ಮೂತಿ ನೋಡಿ: ಘೇಂಡಾಮೃಗಗಳ ಗುರುತು ಮತ್ತು ಫೋಟೋ

ಪ್ರಶ್ನೆ: ನಾನು ಮಣಿಪಾಲದವನು. ಚಳಿಗಾಲದಲ್ಲಿ ಕಾಜಿರಂಗಕ್ಕೂ, ಆಮೇಲೆ ಕೀನ್ಯಾದ ಲೇಕ್ ನಕುರುವಿಗೂ ಫೋಟೋಗ್ರಫಿ ಸಫಾರಿಗೆ ಹೋಗಿದ್ದೆ. ಈಗ ಉಡುಪಿಯಲ್ಲಿ ಗೆಳೆಯರೊಂದಿಗೆ ಒಂದು ಚಿತ್ರ ಪ್ರದರ್ಶನ ಇಡುತ್ತಿದ್ದೇವೆ. ನಕುರುವಿನಲ್ಲಿ ತೆಗೆದ ಒಂದು ಚಿತ್ರಕ್ಕೆ ಮೈ ಬಣ್ಣ ನೋಡಿ ‘ಕಪ್ಪು ಘೇಂಡಾಮೃಗ’ ಎಂದು ಅಡಿಬರಹ ಕೊಟ್ಟೆ. ಗೆಳೆಯರೊಬ್ಬರು ಅದು ಬಿಳಿ ಜಾತಿಯದ್ದು ಎನ್ನುತ್ತಾರೆ. ಪೊದೆಯೊಳಗೆ ಅರ್ಧ ಮುಚ್ಚಿಕೊಂಡ ಇನ್ನೊಂದರ ಗುರುತೂ ಸಿಗುತ್ತಿಲ್ಲ. ಕಾಜಿರಂಗದ ಚಿತ್ರಗಳೆಲ್ಲ ಮಂಜಿನಲ್ಲಿ ಬೂದಿ ಬಳಿದಂತೆ ಬಂದಿವೆ. ಮೂರು ಚಿತ್ರ ಕಳಿಸಿದ್ದೇನೆ. ಜಾತಿ ಗುರುತಿಸುವುದು ಹೇಗೆ? ಮುಂದಿನ ಸಲ ಗುರುತು ಸಿಗುವಂತೆ ಫೋಟೋ ತೆಗೆಯುವುದು ಹೇಗೆ?

ಉತ್ತರ: ಮೊದಲನೇ ಚಿತ್ರದಲ್ಲಿರುವುದು ಬಿಳಿ ಘೇಂಡಾಮೃಗ. ನಿಮ್ಮ ಗೆಳೆಯರ ಮಾತು ಸರಿ. ಅದು ಕಪ್ಪಗೆ ಕಂಡದ್ದಕ್ಕೆ ಕಾರಣ ಚಿತ್ರದಲ್ಲೇ ಇದೆ: ಹೊಟ್ಟೆಯ ಕೆಳಗೆ ಇನ್ನೂ ಒಣಗದ ಕೆಸರಿನ ಗೆರೆ. ಆಗಷ್ಟೇ ಕೆಸರಿನಿಂದ ಎದ್ದು ಬಂದಿದೆ. ಕಪ್ಪು, ಬಿಳಿ ಎಂಬುದು ಹೆಸರು ಮಾತ್ರ, ಎರಡರ ಚರ್ಮವೂ ಬೂದು. ಅದರ ಮೇಲೆ ಆಯಾ ಜಾಗದ ಮಣ್ಣು ಮೆತ್ತಿಕೊಳ್ಳುತ್ತದೆ. ನಮೀಬಿಯಾದ ಎಟೋಷಾದಲ್ಲಿ ಸುಣ್ಣದಂಶದ ಬಿಳಿ ಧೂಳು ಹಿಡಿದು ಕಪ್ಪು ಘೇಂಡಾಮೃಗವೇ ಬೆಳ್ಳಗೆ ಕಾಣುತ್ತದೆ. ಕೀನ್ಯಾದ ತ್ಸಾವೊದಲ್ಲಿ ಅದೇ ಜಾತಿ ನಮ್ಮ ಮುರಕಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಆದ್ದರಿಂದ ಅಡಿಬರಹ ಬರೆಯುವಾಗ ಬಣ್ಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದು ಆ ಪ್ರಾಣಿ ಏನನ್ನು ತಿನ್ನುತ್ತದೆ ಎಂಬುದನ್ನು. ಬಿಳಿ ಘೇಂಡಾಮೃಗ ನೆಲದ ಹುಲ್ಲು ಮೇಯುತ್ತದೆ, ಕಪ್ಪು ಘೇಂಡಾಮೃಗ ಪೊದೆ ಗಿಡಗಳ ಸೊಪ್ಪು, ಚಿಗುರು, ಕಡ್ಡಿ ತಿನ್ನುತ್ತದೆ. ತುಟಿ, ತಲೆಯ ಉದ್ದ, ಕತ್ತಿನ ಮೇಲಿನ ಉಬ್ಬು, ಓಡಾಡುವ ಜಾಗ, ಹಾಕುವ ಲದ್ದಿ, ಎಲ್ಲದರ ವ್ಯತ್ಯಾಸವೂ ಈ ಒಂದರಿಂದ ಹುಟ್ಟಿದ್ದು. ಇದು ಮನಸ್ಸಿನಲ್ಲಿದ್ದರೆ ಲಕ್ಷಣಗಳ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಬಿಳಿ ಜಾತಿಯ ಬಾಯಿ ಸುಮಾರು ಒಂದು ಗೇಣು ಅಗಲ. ಮೇಲ್ತುಟಿಯ ಅಂಚು ನೇರ, ಎದುರಿನಿಂದ ನೋಡಿದರೆ ಮೂತಿ ಚೌಕಾಕಾರ. ಗಿಡ್ಡ ಹುಲ್ಲನ್ನು ಒಂದೇ ಸಲಕ್ಕೆ ಅಗಲವಾಗಿ ಕತ್ತರಿಸಿಕೊಳ್ಳಲು ಅದೇ ಅನುಕೂಲ. ಬಾಯಿ ಸದಾ ನೆಲದ ಹತ್ತಿರ ಇರಬೇಕಾದ್ದರಿಂದ ತಲೆ ಉದ್ದ ಮತ್ತು ಭಾರ. ಆ ಭಾರವನ್ನು ಎತ್ತಿ ಹಿಡಿಯಲು ಕತ್ತಿನ ಮೇಲೆ, ಭುಜಕ್ಕಿಂತ ಸ್ವಲ್ಪ ಮುಂದೆ, ಸ್ನಾಯುವಿನ ದೊಡ್ಡ ಉಬ್ಬು ಬೆಳೆದಿದೆ. ನಿಮ್ಮ ಮೊದಲನೇ ಚಿತ್ರದಲ್ಲಿ ಪ್ರಾಣಿ ಹುಲ್ಲಿನಲ್ಲಿ ಬಾಯಿ ಹುದುಗಿಸಿದೆ, ತುಟಿ ಕಾಣುವುದೇ ಇಲ್ಲ. ಆದರೂ ಜಾತಿ ಹೇಳಲು ಸಾಧ್ಯವಾದದ್ದು ಆ ಉಬ್ಬಿನಿಂದ. ತಲೆ ಬಗ್ಗಿಸಿದಾಗ ಉಬ್ಬು ಇನ್ನೂ ಎದ್ದು ತೋರುತ್ತದೆ.

ಕಪ್ಪು ಜಾತಿಯ ಮೇಲ್ತುಟಿ ನಡುವೆ ಚೂಪಾಗಿ ಕೆಳಕ್ಕೆ ಬಾಗಿರುತ್ತದೆ. ಅದು ಬೆರಳಿನ ಕೆಲಸ ಮಾಡುತ್ತದೆ. ಕಡ್ಡಿಯ ಸುತ್ತ ತುಟಿ ಸುತ್ತಿ, ಬಾಯಿಗೆ ಎಳೆದುಕೊಂಡು, ದವಡೆ ಹಲ್ಲಿನಿಂದ ಕತ್ತರಿಸುತ್ತದೆ. ತಲೆ ಗಿಡ್ಡ, ಸಾಮಾನ್ಯವಾಗಿ ನೆಲದಿಂದ ಎತ್ತರದಲ್ಲೇ ಇರುತ್ತದೆ. ಕತ್ತಿನ ಮೇಲೆ ಉಬ್ಬಿಲ್ಲ, ಬೆನ್ನು ನಡುವೆ ತಗ್ಗಾಗಿದೆ. ಕಿವಿ ಇನ್ನೊಂದು ಒಳ್ಳೆಯ ಗುರುತು: ಬಿಳಿಯದು ಉದ್ದ, ಕೊಳವೆಯಂತೆ ಸುರುಳಿ, ತುದಿ ಚೂಪು. ಕಪ್ಪಿನದು ಚಿಕ್ಕದು, ಅಂಚು ದುಂಡು. ಪೊದೆಯ ಮೇಲೆ ಬರೀ ಎರಡು ಕಿವಿ ಕಂಡರೂ ಅನುಭವಿ ಮಾರ್ಗದರ್ಶಿ ಜಾತಿ ಹೇಳುವುದು ಇದರಿಂದಲೇ.

ನಿಮ್ಮ ಎರಡನೇ ಚಿತ್ರ ಕಪ್ಪು ಘೇಂಡಾಮೃಗದ್ದು. ತುಟಿ ಎಲೆಗಳ ಹಿಂದೆ ಅಡಗಿದೆ, ಆದರೆ ದುಂಡು ಕಿವಿ, ಎತ್ತಿದ ಗಿಡ್ಡ ತಲೆ, ಉಬ್ಬಿಲ್ಲದ ಕತ್ತು ಮೂರೂ ಸ್ಪಷ್ಟ. ಬಲಗಿವಿಯ ಅಂಚಿನಲ್ಲಿ ಎರಡು ಕಡೆ ‘ವಿ’ ಆಕಾರದಲ್ಲಿ ಕತ್ತರಿಸಿದಂತಿದೆಯಲ್ಲ, ಅದು ಕಾದಾಟದ ಗಾಯವಲ್ಲ. ಆಫ್ರಿಕಾದ ಅನೇಕ ಸಂರಕ್ಷಿತ ಪ್ರದೇಶಗಳಲ್ಲಿ ಅರಿವಳಿಕೆ ಕೊಟ್ಟು ಕಿವಿಗೆ ಹೀಗೆ ಕಚ್ಚು ಹಾಕುತ್ತಾರೆ. ಯಾವ ಕಿವಿ, ಯಾವ ಜಾಗ ಎಂಬುದರ ಮೇಲೆ ಆ ಪ್ರಾಣಿಗೆ ಒಂದು ಸಂಖ್ಯೆ. ದೂರದರ್ಶಕದಲ್ಲಿ ನೋಡಿಯೇ ಯಾವ ಪ್ರಾಣಿ ಎಂದು ದಾಖಲಿಸಿಕೊಳ್ಳುವ ವ್ಯವಸ್ಥೆ ಅದು. ಅಡಿಬರಹದಲ್ಲಿ ‘ಗಾಯಗೊಂಡ’ ಎಂದು ಬರೆಯಬೇಡಿ. ನಿಜವಾದ ಹುಣ್ಣು ಬೇರೆ ಜಾಗದಲ್ಲಿ ಕಾಣಬಹುದು: ಕಪ್ಪು ಘೇಂಡಾಮೃಗಗಳ ಭುಜದ ಹಿಂದೆ, ಪಕ್ಕೆಯ ಮೇಲೆ ರಕ್ತ ಜಿನುಗುವ ಕಡುಬಣ್ಣದ ಮಚ್ಚೆ. ಅದು ಒಂದು ಬಗೆಯ ಫೈಲೇರಿಯಾ ಹುಳುವಿನಿಂದ ಆಗುವಂಥದ್ದು. ನೋಡಿದವರಿಗೆ ಗಾಬರಿಯಾಗುತ್ತದೆ, ಆದರೆ ಆ ಜಾತಿಯಲ್ಲಿ ಅದು ಸಾಮಾನ್ಯ.

ಮರಿ ಜೊತೆಗಿದ್ದರೆ ಇನ್ನೊಂದು ಸುಳಿವು. ಬಿಳಿ ಘೇಂಡಾಮೃಗದ ಮರಿ ಓಡುವಾಗ ತಾಯಿಯ ಮುಂದೆ ಇರುತ್ತದೆ, ಕಪ್ಪಿನ ಮರಿ ತಾಯಿಯ ಹಿಂದೆ. ಬಯಲಿನಲ್ಲಿ ಮರಿಯನ್ನು ಕಣ್ಣೆದುರು ಇಟ್ಟುಕೊಂಡು ಹಿಂದಿನಿಂದ ಕಾಯುವುದು ಸುಲಭ. ಮುಳ್ಳುಪೊದೆಯಲ್ಲಿ ತಾಯಿ ಮುಂದೆ ನುಗ್ಗಿ ದಾರಿ ಬಿಡಿಸಬೇಕು. ಇದು ಬಹಳ ಮಟ್ಟಿಗೆ ಸರಿಯಾಗುವ ಸೂತ್ರ, ಆದರೆ ಬೆದರಿದ ಮರಿ ಯಾವ ಕಡೆಗೂ ಓಡಬಹುದು. ಅದನ್ನೊಂದನ್ನೇ ನಂಬಿ ಹೆಸರು ಬರೆಯುವುದು ಬೇಡ. ಹಾಗೆಯೇ ಎಳೆ ಮರಿಯ ತುಟಿ ನೋಡಿ ಜಾತಿ ಹೇಳಲು ಹೋಗಬೇಡಿ, ತಾಯಿಯನ್ನು ನೋಡಿ.

ಗಾತ್ರವನ್ನು ನಂಬುವವರು ಹೆಚ್ಚು, ಅದು ಫೋಟೋದಲ್ಲಿ ಕೈಕೊಡುತ್ತದೆ. ಬಿಳಿ ಗಂಡು 2,000 ಕಿಲೋ ದಾಟುತ್ತದೆ, ಕಪ್ಪು ಸಾಮಾನ್ಯವಾಗಿ 800ರಿಂದ 1,400 ಕಿಲೋ. ಅಕ್ಕಪಕ್ಕ ನಿಂತರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ, ಆದರೆ ಅಕ್ಕಪಕ್ಕ ನಿಲ್ಲುವುದು ಅಪರೂಪ. ಟೆಲಿ ಲೆನ್ಸ್ ದೂರವನ್ನು ಹತ್ತಿರಕ್ಕೆ ಒತ್ತಿಬಿಡುವುದರಿಂದ ಚಿತ್ರದಲ್ಲಿ ಗಾತ್ರದ ಅಂದಾಜು ಸಿಗದು. ಕೊಂಬಿನ ಉದ್ದವೂ ಅಷ್ಟೆ. ಬಿಳಿ ಜಾತಿಯಲ್ಲಿ ಮುಂದಿನ ಕೊಂಬು ಹಿಂದಿನದಕ್ಕಿಂತ ಬಹಳ ಉದ್ದ, ಕಪ್ಪಿನಲ್ಲಿ ಎರಡೂ ಹೆಚ್ಚುಕಡಿಮೆ ಸಮಾನವಿರುವುದುಂಟು. ಆದರೆ ಮುರಿದದ್ದು, ಸವೆದದ್ದು, ಮನುಷ್ಯರೇ ಕತ್ತರಿಸಿದ್ದು ಎಲ್ಲ ಇರುತ್ತದೆ.

ಈ ಕತ್ತರಿಸಿದ ಕೊಂಬಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ದಕ್ಷಿಣ ಆಫ್ರಿಕಾದ ಸಫಾರಿಗೆ ಹೋದವರು ಇದರಲ್ಲಿ ಎಡವುತ್ತಾರೆ. ಕಳ್ಳಬೇಟೆ ತಪ್ಪಿಸಲು ಅಲ್ಲಿ ಕ್ರೂಗರ್, ಹ್ಲುಹ್ಲುವೆ-ಇಂಫೊಲೋಜಿಯಂಥ ಕಡೆ ಅಧಿಕಾರಿಗಳೇ ಅರಿವಳಿಕೆ ಕೊಟ್ಟು ಕೊಂಬು ಕೊಯ್ದಿರುತ್ತಾರೆ. ಕೊಂಬು ಎಂದರೆ ಮೂಳೆಯಲ್ಲ, ನಮ್ಮ ಉಗುರಿನಲ್ಲಿರುವ ಕೆರಾಟಿನ್. ಬುಡದ ಬೆಳೆಯುವ ಭಾಗ ಬಿಟ್ಟು ಮೇಲಿನದನ್ನು ಕೊಯ್ದರೆ ನೋವಾಗದು, ಮತ್ತೆ ಬೆಳೆಯುತ್ತದೆ. ಹಾಗಾಗಿ ಒಂದೂವರೆ, ಎರಡು ವರ್ಷಕ್ಕೊಮ್ಮೆ ಪುನಃ ಕೊಯ್ಯಬೇಕು. ಇಂಥ ಪ್ರಾಣಿಯ ಮೂಗಿನ ಮೇಲೆ ಚಪ್ಪಟೆ ಮೊಟಕು ಮಾತ್ರ ಉಳಿದಿರುತ್ತದೆ, ಹಿಂದಿನ ಮೊಟಕು ದೂರದಿಂದ ಕಾಣುವುದೇ ಇಲ್ಲ. ‘ಆಫ್ರಿಕಾದಲ್ಲಿ ಕಂಡ ಒಂಟಿ ಕೊಂಬಿನ ಘೇಂಡಾಮೃಗ’ ಎಂಬ ಅಡಿಬರಹ ಎಲ್ಲಾದರೂ ಕಂಡರೆ ಅದು ಹೀಗೆ ಹುಟ್ಟಿದ ತಪ್ಪು. ಆಫ್ರಿಕಾದ ಎರಡೂ ಜಾತಿಗೆ ಎರಡೆರಡು ಕೊಂಬು.

ಈಗ ಕಾಜಿರಂಗಕ್ಕೆ ಬರೋಣ. ನಮ್ಮ ಒಂಟಿ ಕೊಂಬಿನ ಘೇಂಡಾಮೃಗವನ್ನು ಆಫ್ರಿಕಾದವುಗಳಿಂದ ಬೇರ್ಪಡಿಸಲು ಚರ್ಮದ ಮಡಿಕೆ ಸಾಕು. ಕತ್ತು, ಭುಜದ ಹಿಂದೆ, ತೊಡೆಯ ಮುಂದೆ ಆಳವಾದ ಮಡಿಕೆಗಳು. ಭುಜ ಮತ್ತು ಹಿಂಭಾಗದ ಮೇಲೆ ಗುಂಡು ಮೊಳೆ ಹೊಡೆದಂತೆ ಗುಬುಟುಗಳು. ಮಡಿಕೆಯ ಒಳಗಿನ ಚರ್ಮಕ್ಕೆ ನಸುಗುಲಾಬಿ ಬಣ್ಣ, ಪ್ರಾಣಿ ನಡೆಯುವಾಗ ಅದು ತೆರೆದು ಮುಚ್ಚುವುದನ್ನು ಹತ್ತಿರದಿಂದ ನೋಡಬಹುದು. ಕೊಂಬು ಗಂಡು ಹೆಣ್ಣು ಎರಡಕ್ಕೂ ಇರುತ್ತದೆ, ಆದ್ದರಿಂದ ಕೊಂಬು ನೋಡಿ ಗಂಡೆನ್ನಬಾರದು. ಬಲಿತ ಗಂಡಿನ ಕತ್ತಿನ ಕೆಳಗೆ ಜೋಲುವ ಮಡಿಕೆ ಬಹಳ ದಪ್ಪ, ಅದನ್ನು ನೋಡಿ.

ಒಂದು ಮುಖ್ಯ ಎಚ್ಚರಿಕೆ. ಕಾಜಿರಂಗದ ಘೇಂಡಾಮೃಗ ಮುಖ್ಯವಾಗಿ ಹುಲ್ಲು ತಿನ್ನುವಂಥದ್ದೇ, ಆದರೆ ಅದು ಆಳೆತ್ತರದ ಹುಲ್ಲು, ಜೊತೆಗೆ ಸೊಪ್ಪು, ನೀರಿನ ಗಿಡ, ಹಣ್ಣೂ ಸೇರಿರುತ್ತವೆ. ಎತ್ತರದ ಹುಲ್ಲನ್ನು ಬಾಚಿಕೊಳ್ಳಲು ಅದರ ಮೇಲ್ತುಟಿಯ ತುದಿಯೂ ಚೂಪಾಗಿ ಬಾಗುತ್ತದೆ, ಗಿಡ್ಡ ಹುಲ್ಲು ಮೇಯುವಾಗ ಆ ತುದಿಯನ್ನು ಒಳಕ್ಕೆ ಮಡಚಿಕೊಳ್ಳುತ್ತದೆ. ಮುಖದ ಕ್ಲೋಸಪ್ ಮಾತ್ರ ಇಟ್ಟುಕೊಂಡು ತುಟಿ ನೋಡಿದವರು ಅದನ್ನು ಕಪ್ಪು ಜಾತಿ ಎಂದುಬಿಡುವ ಅಪಾಯ ಇದೆ. ಆದ್ದರಿಂದ ನೋಡುವ ಕ್ರಮ ಹೀಗಿರಲಿ: ಮೊದಲು ಚರ್ಮದ ಮಡಿಕೆ, ಆಮೇಲೆ ಕೊಂಬಿನ ಸಂಖ್ಯೆ, ಮಡಿಕೆ ಇಲ್ಲದೆ ಎರಡು ಕೊಂಬು ಇದ್ದರೆ ಮಾತ್ರ ತುಟಿ, ಕತ್ತು, ಕಿವಿ. ಇಷ್ಟರಲ್ಲಿ ಸಫಾರಿಯಲ್ಲಿ ಸಿಗುವ ಮೂರೂ ಜಾತಿ ಬೇರೆಯಾಗುತ್ತವೆ.

ಕಾಜಿರಂಗದ ಪ್ರಾಣಿಗಳ ಹಿಂಭಾಗದಲ್ಲಿ, ಪಕ್ಕೆಯಲ್ಲಿ ಸೀಳಿದಂಥ ಗಾಯ ಕಂಡರೆ ಅದು ಕೊಂಬಿನದ್ದೆಂದು ಬರೆಯುವ ಮೊದಲು ಯೋಚಿಸಿ. ಈ ಜಾತಿಗೆ ಕೆಳದವಡೆಯಲ್ಲಿ ಚೂಪಾದ ಬಾಚಿಹಲ್ಲುಗಳಿವೆ, ಗಂಡುಗಳು ಕಾದಾಡುವುದು ಹೆಚ್ಚಾಗಿ ಅವುಗಳಿಂದಲೇ. ಆಫ್ರಿಕಾದ ಎರಡು ಜಾತಿಗಳಿಗೆ ಬಾಚಿಹಲ್ಲೇ ಇಲ್ಲ, ಅವು ಕೊಂಬಿನಿಂದ ತಿವಿಯುತ್ತವೆ.

ಬೆನ್ನ ಮೇಲಿನ ಹಕ್ಕಿಯೂ ಜಾಗದ ಗುರುತು ಹೇಳುತ್ತದೆ. ಹಳೆಯ ಮೆಮೊರಿ ಕಾರ್ಡಿನಲ್ಲಿ ಯಾವ ಚಿತ್ರ ಎಲ್ಲಿಯದೆಂದು ಮರೆತವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಕೆಂಪು ಅಥವಾ ಹಳದಿ ಕೊಕ್ಕಿನ, ಕಂದು ಮೈಯ ಆಕ್ಸ್‌ಪೆಕ್ಕರ್ ಇದ್ದರೆ ಆಫ್ರಿಕಾ, ಆ ಹಕ್ಕಿ ಭಾರತದಲ್ಲಿಲ್ಲ. ಕಾಜಿರಂಗದಲ್ಲಿ ಕಾಡುಮೈನಾ ಕುಳಿತಿರುತ್ತದೆ. ಗೋವಕ್ಕಿ ಎರಡೂ ಕಡೆ ಇರುವುದರಿಂದ ಅದರಿಂದ ಏನೂ ಹೇಳಲಾಗದು.

ಲದ್ದಿಯನ್ನು ಫೋಟೋಗ್ರಾಫರುಗಳು ಕಡೆಗಣಿಸುತ್ತಾರೆ, ಅದು ತಪ್ಪು. ಘೇಂಡಾಮೃಗಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಲದ್ದಿ ಹಾಕಿ ರಾಶಿ ಮಾಡುತ್ತವೆ. ಬಿಳಿಯದರಲ್ಲಿ ಬರೀ ಹುಲ್ಲಿನ ಸಣ್ಣ ನಾರು. ಕಪ್ಪಿನದರಲ್ಲಿ ಬೆರಳುದ್ದದ ಕಡ್ಡಿ ತುಂಡುಗಳು, ಅವುಗಳ ತುದಿ ಕತ್ತಿಯಿಂದ ಕೊಯ್ದಂತೆ ಸುಮಾರು 45 ಡಿಗ್ರಿ ಓರೆ. ಆನೆಯ ಲದ್ದಿಯಲ್ಲೂ ಕಡ್ಡಿ ಇರುತ್ತದೆ, ಆದರೆ ಅದು ನಾರುನಾರಾಗಿ ಜಜ್ಜಿರುತ್ತದೆ. ದಾರಿ ಬದಿಯ ರಾಶಿಯ ಒಂದು ಚಿತ್ರ ತೆಗೆದಿಟ್ಟರೆ ಆ ಪ್ರದೇಶದಲ್ಲಿ ಯಾವ ಜಾತಿ ಓಡಾಡುತ್ತದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತು. ವಾಹನದಿಂದ ಇಳಿಯುವುದು ಮಾತ್ರ ಬೇಡ.

ಉಳಿದ ಎರಡು ಜಾತಿಗಳು ಸಫಾರಿಯಲ್ಲಿ ನೋಡಲು ಸಿಗುವಂಥವಲ್ಲ. ಜಾವಾ ಘೇಂಡಾಮೃಗ ಇಂಡೊನೇಷ್ಯಾದ ಉಜುಂಗ್ ಕುಲೋನ್‌ನಲ್ಲಿ ಮಾತ್ರ ಉಳಿದಿದೆ. ನಮ್ಮದಕ್ಕಿಂತ ಚಿಕ್ಕದು, ಒಂದೇ ಕೊಂಬು, ಹೆಣ್ಣಿಗೆ ಅದೂ ಇಲ್ಲ ಎನ್ನುವಷ್ಟು. ಭುಜದ ಮುಂದಿನ ಮಡಿಕೆ ಅದರಲ್ಲಿ ಬೆನ್ನಿನ ಮೇಲೆ ಹಾದು ಆಚೆ ಬದಿಗೆ ಸೇರುತ್ತದೆ, ನಮ್ಮದರಲ್ಲಿ ಮಧ್ಯದಲ್ಲೇ ನಿಲ್ಲುತ್ತದೆ. ಸುಮಾತ್ರಾ ಘೇಂಡಾಮೃಗ ಎಲ್ಲಕ್ಕಿಂತ ಚಿಕ್ಕದು, ಎರಡು ಕೊಂಬು, ಮೈಮೇಲೆ ಕೆಂಗಂದು ಕೂದಲು. ಮಲೇಷ್ಯಾದಲ್ಲಿದ್ದ ಕೊನೆಯದು 2019ರಲ್ಲಿ ಸತ್ತಿತು. ಎರಡೂ ಜಾತಿಗಳು ನೂರರ ಒಳಗಿವೆ. 1895ರ ಸುಮಾರಿಗೆ ದಕ್ಷಿಣದ ಬಿಳಿ ಘೇಂಡಾಮೃಗವೂ ಇದೇ ಸ್ಥಿತಿಯಲ್ಲಿತ್ತು, ಈಗಿನ ಹ್ಲುಹ್ಲುವೆ-ಇಂಫೊಲೋಜಿ ಪ್ರದೇಶದಲ್ಲಿ ಉಳಿದಿದ್ದ ನೂರಕ್ಕಿಂತ ಕಡಿಮೆ ಪ್ರಾಣಿಗಳಿಂದ ಮತ್ತೆ ಸಾವಿರಾರು ಆದವು. ನೀವು ನಕುರುವಿನಲ್ಲಿ ನೋಡಿದ್ದು ಅದೇ ವಂಶದ್ದು. ಉತ್ತರದ ಬಿಳಿ ಉಪಜಾತಿಗೆ ಆ ಭಾಗ್ಯ ಬರಲಿಲ್ಲ. ಕೊನೆಯ ಗಂಡು ಸುಡಾನ್ 2018ರ ಮಾರ್ಚ್ 19ರಂದು ಸತ್ತಿತು, ನಜಿನ್ ಮತ್ತು ಫಾತು ಎಂಬ ತಾಯಿ ಮಗಳು ಮಾತ್ರ ಕೀನ್ಯಾದ ಓಲ್ ಪೆಜೆಟಾದಲ್ಲಿ ಉಳಿದಿವೆ. ಹಾಗಾಗಿ ನಿಮ್ಮ ಅಡಿಬರಹದಲ್ಲಿ ‘ದಕ್ಷಿಣದ ಬಿಳಿ ಘೇಂಡಾಮೃಗ, ಲೇಕ್ ನಕುರು’ ಎಂದು ಪೂರ್ತಿ ಬರೆಯಿರಿ.

ಇನ್ನು ಫೋಟೋದ ಮಾತು. ಗುರುತಿಗಾಗಿ ಒಂದು ಪ್ರಾಣಿಯ ಮೂರು ಬಗೆಯ ಚಿತ್ರ ಬೇಕು: ಕಾಲಿನಿಂದ ಬೆನ್ನಿನವರೆಗೆ ಪೂರ್ತಿ ಪಾರ್ಶ್ವನೋಟ, ಬಾಯಿ ಹುಲ್ಲಿನಿಂದ ಮೇಲೆ ಬಂದಾಗಿನ ಮುಖ, ಸುತ್ತಲಿನ ಜಾಗ ಕಾಣುವ ಅಗಲ ಚಿತ್ರ. ಹೆಚ್ಚಿನವರು ಮೊದಲೇ ಮುಖಕ್ಕೆ ಜೂಮ್ ಮಾಡಿ ಕೊನೆಯವರೆಗೂ ಅಲ್ಲೇ ಇರುತ್ತಾರೆ. ಪಾರ್ಶ್ವನೋಟವನ್ನು ಮೊದಲು ತೆಗೆದುಬಿಡಿ, ಏಕೆಂದರೆ ಪ್ರಾಣಿ ತಿರುಗಿ ಹೊರಟರೆ ಮತ್ತೆ ಸಿಗದ್ದು ಅದೇ. ಮೇಯುತ್ತಿರುವ ಬಿಳಿ ಘೇಂಡಾಮೃಗ ಬಹಳ ಹೊತ್ತು ತಲೆ ಎತ್ತುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೆಜ್ಜೆ ಹಾಕುವಾಗ, ಶಬ್ದ ಕೇಳಿದಾಗ ಎತ್ತುತ್ತದೆ. ಕಣ್ಣು ಮಂದ, ಕಿವಿ ಮತ್ತು ಮೂಗು ಬಹಳ ಚುರುಕು. ಚಪ್ಪಾಳೆ ತಟ್ಟಿ, ಬಾಗಿಲು ಬಡಿದು ತಲೆ ಎತ್ತಿಸುವುದು ಸಲ್ಲದು. ಕಾದರೆ ಅದು ತಾನಾಗಿ ಎತ್ತುತ್ತದೆ. ಕಪ್ಪು ಘೇಂಡಾಮೃಗ ಕಡ್ಡಿ ಎಳೆಯುತ್ತಿದ್ದರೆ ಬರ್ಸ್ಟ್‌ಗೆ (ಸಾಲಾಗಿ ಹಲವು ಚಿತ್ರ ತೆಗೆಯುವ ವಿಧಾನಕ್ಕೆ) ಹಾಕಿ, ತುಟಿ ಕಡ್ಡಿಯನ್ನು ಸುತ್ತುವ ಕ್ಷಣ ಅರ್ಧ ಸೆಕೆಂಡಿನದ್ದು. ಆ ಒಂದು ಚಿತ್ರ ಸಿಕ್ಕರೆ ಪ್ರದರ್ಶನದಲ್ಲಿ ಬೇರೆ ವಿವರಣೆಯೇ ಬೇಡ.

ಫೋಕಸ್‌ನಲ್ಲಿ ಎರಡು ಕಡೆ ತೊಂದರೆ. ಹೊಸ ಕ್ಯಾಮೆರಾಗಳ ಪ್ರಾಣಿ ಕಣ್ಣು ಪತ್ತೆ ಸೌಲಭ್ಯ ಘೇಂಡಾಮೃಗದಲ್ಲಿ ಆಗಾಗ ಸೋಲುತ್ತದೆ. ಕಣ್ಣು ಚಿಕ್ಕದು, ಕಡುಬಣ್ಣದ್ದು, ಸುಕ್ಕಿನ ನಡುವೆ ಇರುವುದರಿಂದ ಕ್ಯಾಮೆರಾ ಕೊಂಬಿಗೋ ಕಿವಿಗೋ ಹಿಡಿದುಕೊಳ್ಳುತ್ತದೆ. ಆಗ ಒಂದೇ ಬಿಂದುವಿಗೆ ಬದಲಿಸಿ, ಕಣ್ಣಿನ ಮೇಲೆ ನೀವೇ ಇಡಿ. ಎರಡನೆಯದು ಆಳ. ಮುಖ ಎದುರಿಗೆ ಇದ್ದಾಗ ಕೊಂಬಿನ ತುದಿಗೂ ಕಣ್ಣಿಗೂ ಅರ್ಧ ಮೀಟರಿಗಿಂತ ಹೆಚ್ಚು ಅಂತರ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 400 ಮಿ.ಮೀ. ಲೆನ್ಸ್, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಎಫ್ 5.6, ಪ್ರಾಣಿ 15 ಮೀಟರ್ ದೂರ ಎಂದರೆ ಸ್ಪಷ್ಟವಾಗಿ ಬರುವ ಆಳ ಒಟ್ಟು 47 ಸೆಂ.ಮೀ. ಆಸುಪಾಸು. ಕಣ್ಣು ಸ್ಪಷ್ಟ, ಕೊಂಬು ಮಸುಕು ಆಗುವುದು ಇದರಿಂದ. ಎಫ್ 8ಕ್ಕೆ ಹೋದರೆ 67 ಸೆಂ.ಮೀ., ಎಫ್ 11ಕ್ಕೆ ಹೋದರೆ ಇನ್ನೂ ನಿರಾಳ. ಅದೇ ಪ್ರಾಣಿ 30 ಮೀಟರ್ ದೂರದಲ್ಲಿದ್ದರೆ ಎಫ್ 5.6ರಲ್ಲೇ ಸುಮಾರು 1.9 ಮೀಟರ್ ಸಿಗುತ್ತದೆ. ಹತ್ತಿರ ಬಂದಷ್ಟೂ ಅಪರ್ಚರ್ ಕಿರಿದಾಗಿಸಬೇಕು ಎಂಬುದು ನೆನಪಿರಲಿ. ಪಾರ್ಶ್ವನೋಟಕ್ಕೆ ಈ ತಲೆನೋವಿಲ್ಲ.

ನಿಂತ ಪ್ರಾಣಿಗೆ ಸೆಕೆಂಡಿನ 1/500 ಸಾಕು, ಮೆಲ್ಲುತ್ತಿದ್ದರೆ 1/800, ಓಡುವ ಮರಿಗೆ 1/1250ಕ್ಕಿಂತ ಕಡಿಮೆ ಬೇಡ. ಜಿಪ್ಸಿಯಲ್ಲಿ ಟ್ರೈಪಾಡ್ ಪ್ರಯೋಜನಕ್ಕಿಲ್ಲ, ಬೀನ್‌ಬ್ಯಾಗ್ ಒಯ್ಯಿರಿ. ಖಾಲಿ ಚೀಲ ಮಾತ್ರ ಬ್ಯಾಗಿನಲ್ಲಿಟ್ಟು, ಅಲ್ಲಿಯೇ ಎರಡು ಮೂರು ಕಿಲೋ ಅಕ್ಕಿ ಕೊಂಡು ಮುಕ್ಕಾಲು ತುಂಬಿಸಿ. ಪೂರ್ತಿ ತುಂಬಿಸಿದರೆ ಲೆನ್ಸ್ ಕೂರದೆ ಜಾರುತ್ತದೆ. ಫೋಟೋ ತೆಗೆಯುವಾಗ ಎಂಜಿನ್ ಆರಿಸಲು ಚಾಲಕರಿಗೆ ಹೇಳಿ, ಅದರ ಕಂಪನ 400 ಮಿ.ಮೀ.ನಲ್ಲಿ ಚೆನ್ನಾಗಿಯೇ ಗೊತ್ತಾಗುತ್ತದೆ. ಆದರೆ ಪ್ರಾಣಿ ಎರಡೂ ಕಿವಿಯನ್ನು ನಿಮ್ಮ ಕಡೆ ನೆಟ್ಟು, ಬುಸುಗುಟ್ಟಿ ತಲೆ ತಗ್ಗಿಸಿದರೆ ಎಂಜಿನ್ ಚಾಲೂ ಮಾಡುವ ನಿರ್ಧಾರ ಚಾಲಕರದ್ದು, ನಿಮ್ಮದಲ್ಲ. ತಾಯಿ ಒಂದು ಬದಿ, ಮರಿ ಇನ್ನೊಂದು ಬದಿ ಇರುವಾಗ ನಡುವೆ ವಾಹನ ನಿಲ್ಲಿಸಲು ಒತ್ತಾಯಿಸಲೇಬೇಡಿ.

ನಿಮ್ಮ ಮೂರನೇ ಚಿತ್ರ ಬೂದಿಯಾದದ್ದಕ್ಕೆ ಎರಡು ಕಾರಣ ಸೇರಿವೆ. ಮಂಜು ಬೆಳ್ಳಗಿರುವುದರಿಂದ ಕ್ಯಾಮೆರಾದ ಮೀಟರ್ ಅದನ್ನು ನಡುಬೂದಿಗೆ ಇಳಿಸಿದೆ, ಪ್ರಾಣಿ ಅದರ ಜೊತೆಗೇ ಕತ್ತಲಾಯಿತು. ಮಂಜಿನ ದೃಶ್ಯಕ್ಕೆ ಎಕ್ಸ್‌ಪೋಷರ್ 0.7ರಿಂದ 1 ಸ್ಟಾಪ್ ಹೆಚ್ಚಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಇನ್ನೊಂದು ಕಾರಣ ದೂರ. ಮಂಜಿನಲ್ಲಿ 60, 70 ಮೀಟರ್ ಆಚೆಯ ಪ್ರಾಣಿಯನ್ನು ಉದ್ದ ಲೆನ್ಸಿನಿಂದ ಎಳೆದರೆ ನಡುವಿನ ಮಂಜನ್ನೂ ಎಳೆದಂತೆಯೇ, ಮಡಿಕೆಗಳ ನೆರಳೆಲ್ಲ ಅಳಿಸಿಹೋಗುತ್ತದೆ. ಎಡಿಟಿಂಗ್‌ನಲ್ಲಿ ಡಿಹೇಜ್ (ಮಂಜು ತಿಳಿಗೊಳಿಸುವ ಸೌಲಭ್ಯ) ಜೋರಾಗಿ ಎಳೆದರೆ ನಾಯ್ಸ್, ಅಂದರೆ ಕಾಳುಕಾಳು ಚುಕ್ಕೆ, ಏಳುತ್ತದೆ, ಆಕಾಶ ಮಚ್ಚೆಯಾಗುತ್ತದೆ. ಮಂಜಿರುವಾಗ ಹತ್ತಿರ ಬಂದ ಪ್ರಾಣಿಯನ್ನೋ, ಬರೀ ಆಕಾರವನ್ನೋ ತೆಗೆಯಿರಿ. ಕೊಂಬು ಬಿಳಿ ಹಿನ್ನೆಲೆಗೆ ಎದ್ದು ಕಾಣುವ ಪಾರ್ಶ್ವನೋಟ ಆಗ ಚೆನ್ನಾಗಿ ಬರುತ್ತದೆ. ಹುಲ್ಲಿನ ಮೇಲೆ ಬೆನ್ನು ಮಾತ್ರ ಕಾಣುತ್ತಿದ್ದರೆ ಕಾಡು ನೀರೆಮ್ಮೆಯೋ ಘೇಂಡಾಮೃಗವೋ ಎಂದು ಖಚಿತಪಡಿಸಿಕೊಳ್ಳಿ, ಕಾಜಿರಂಗದಲ್ಲಿ ಎರಡೂ ಒಂದೇ ಹುಲ್ಲಿನಲ್ಲಿರುತ್ತವೆ.

ಮುಂದಿನ ಸಲ ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವೆ ಹೋಗಿ. ಡಿಸೆಂಬರ್, ಜನವರಿಯಲ್ಲಿ ಮಂಜಿನ ಜೊತೆ ಹುಲ್ಲೂ ಎತ್ತರ. ಅರಣ್ಯ ಇಲಾಖೆ ಚಳಿಗಾಲದ ಕೊನೆಗೆ ಹುಲ್ಲನ್ನು ನಿಯಂತ್ರಿತವಾಗಿ ಸುಟ್ಟ ಮೇಲೆ ಹೊಸ ಚಿಗುರಿಗೆ ಪ್ರಾಣಿಗಳು ಬಯಲಿಗೆ ಬರುತ್ತವೆ, ಕಾಲಿನ ಗೊರಸಿನವರೆಗೂ ಕಾಣುತ್ತದೆ. 2022ರ ಗಣತಿಯಲ್ಲಿ ಅಲ್ಲಿ 2,613 ಘೇಂಡಾಮೃಗಗಳಿದ್ದವು, ಕಾಣಸಿಗದೆ ಹೋಗುವ ಭಯವಿಲ್ಲ. ಬಾಗೋರಿ ವಲಯದಲ್ಲಿ ಘೇಂಡಾಮೃಗ ಹೆಚ್ಚು ಹತ್ತಿರದಲ್ಲಿ ಸಿಗುತ್ತದೆ, ಅಗರಾತೊಲಿಯಲ್ಲಿ ನೀರು ಮತ್ತು ಹಕ್ಕಿ ಸೇರಿದ ಹಿನ್ನೆಲೆ ಚೆನ್ನ. ಕರಾವಳಿಯಿಂದ ಹೋಗುವವರು ಮರೆಯುವ ಒಂದು ಸಂಗತಿ: ಅಸ್ಸಾಮಿನಲ್ಲಿ ಡಿಸೆಂಬರಿನ ಸೂರ್ಯ ಸಂಜೆ ನಾಲ್ಕೂವರೆಗೆಲ್ಲ ಮುಳುಗುತ್ತಾನೆ. ಉಡುಪಿಯಲ್ಲಿ ಆಗ ಇನ್ನೂ ಒಂದೂವರೆ ಗಂಟೆ ಬೆಳಕಿರುತ್ತದೆ. ಮಧ್ಯಾಹ್ನದ ಸಫಾರಿಗೆ ಮೊದಲ ಸಾಲಿನಲ್ಲೇ ಒಳಗೆ ಹೋಗಬೇಕು, ಮೂರರಿಂದ ನಾಲ್ಕರ ಬೆಳಕೇ ಬಂಗಾರ. ನಕುರು ಭೂಮಧ್ಯರೇಖೆಯ ಹತ್ತಿರ ಇರುವುದರಿಂದ ಅಲ್ಲಿ ಲೆಕ್ಕ ಬೇರೆ. ವರ್ಷವಿಡೀ ಬೆಳಗ್ಗೆ ಆರೂವರೆಗೆ ಸೂರ್ಯೋದಯ, ಒಂಬತ್ತಕ್ಕೆಲ್ಲ ಬೆಳಕು ಕಟುವಾಗುತ್ತದೆ. ಬಿಸಿಲೇರಿದ ಮೇಲೆ ನೆಲದಿಂದ ಏಳುವ ಕಾವಿನಲ್ಲಿ ದೂರದ ಪ್ರಾಣಿಯ ಅಂಚು ನೀರಿನಂತೆ ಕದಡುತ್ತದೆ. ಎಷ್ಟು ಬೆಲೆಯ ಲೆನ್ಸೂ ಅದನ್ನು ಸರಿಮಾಡದು, ಹತ್ತಿರದ ಪ್ರಾಣಿಗೆ ಕಾಯುವುದೊಂದೇ ದಾರಿ. ಬಿಳಿ ಜಾತಿಯನ್ನು ಬಯಲಿನಲ್ಲಿ, ಕಪ್ಪನ್ನು ಅಕೇಶಿಯಾ ಮರಗಳ ಅಂಚಿನ ಪೊದೆಗಳಲ್ಲಿ ಮುಂಜಾನೆ ಹುಡುಕಬೇಕು. ಕಪ್ಪು ಜಾತಿಗಾಗಿಯೇ ಹೋಗುವುದಾದರೆ ಎಟೋಷಾದ ಒಕೌಕುಯೋ ಶಿಬಿರ ಉತ್ತಮ. ಅಲ್ಲಿನ ನೀರಿನ ಹೊಂಡಕ್ಕೆ ರಾತ್ರಿ ದೀಪ ಹಾಕಿರುತ್ತಾರೆ, ಗೋಡೆಯ ಈಚೆ ಕುಳಿತು ಫ್ಲ್ಯಾಶ್ ಇಲ್ಲದೆ ತೆಗೆಯಬಹುದು.

ಎಕ್ಸ್‌ಪೋಷರ್ ಅಭ್ಯಾಸಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಕಂಬಳದ ಕೋಣಗಳ ಮೈ ಕಪ್ಪು, ಒದ್ದೆ, ಹೊಳಪು. ಸುತ್ತ ಬೆಳ್ಳಗೆ ಚಿಮ್ಮುವ ಕೆಸರುನೀರು. ಕೆಸರಿನಿಂದ ಎದ್ದ ಘೇಂಡಾಮೃಗ ಒಡ್ಡುವ ಸಮಸ್ಯೆಯೂ ಇದೇ: ಕಪ್ಪು ಮೈ ಫ್ರೇಮ್ ತುಂಬಿದಾಗ ಮೀಟರ್ ಅದನ್ನು ಬೆಳಗಿಸಿ ಬೂದು ಮಾಡುತ್ತದೆ, ಬೆನ್ನಿನ ಹೊಳಪು ಸುಟ್ಟು ಬಿಳಿಯಾಗುತ್ತದೆ. 0.7 ಸ್ಟಾಪ್ ಇಳಿಸಿ ತೆಗೆದು ನೋಡಿ, ಹಿಸ್ಟೊಗ್ರಾಮಿನ (ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ನಕ್ಷೆಯ) ಬಲತುದಿ ಗೋಡೆಗೆ ತಾಗದಿರಲಿ, ಕಪ್ಪು ಮುಖದಲ್ಲಿ ಕಪ್ಪು ಕಣ್ಣಿಗೆ ಒಂಟಿ ಬಿಂದು ಇಡುವುದನ್ನೂ ಅಲ್ಲೇ ಕಲಿಯಿರಿ. ನವೆಂಬರಿನಿಂದ ಮಾರ್ಚಿನವರೆಗೆ ಜಿಲ್ಲೆಯಲ್ಲಿ ವಾರವಾರವೆಂಬಂತೆ ಅವಕಾಶ ಇದೆ.

ಉಪಕರಣದ ಬಗ್ಗೆ ಒಂದು ಮಾತು, ಏಕೆಂದರೆ ನಮ್ಮ ಕರಾವಳಿಯಲ್ಲಿ ಲೆನ್ಸ್ ಹಾಳಾಗುವುದು ಸಫಾರಿಯಲ್ಲಲ್ಲ, ಮನೆಯ ಕಪಾಟಿನಲ್ಲಿ. ಮಳೆಗಾಲದಲ್ಲಿ ಬ್ಯಾಗಿನೊಳಗೇ ಬಿಟ್ಟ ಲೆನ್ಸಿನ ಗಾಜಿಗೆ ಫಂಗಸ್ ಹಿಡಿಯುತ್ತದೆ, ಒಳಗಿನ ಗಾಜಿನ ಲೇಪ ತಿಂದರೆ ಒರೆಸಿ ತೆಗೆಯಲಾಗದು. ಡ್ರೈ ಕ್ಯಾಬಿನೆಟ್ ಇದ್ದರೆ ತೇವಾಂಶ 40ರಿಂದ 50 ಶೇಕಡಾ ಇಡಿ, ಅದಕ್ಕಿಂತ ಇಳಿಸಿದರೆ ರಬ್ಬರ್ ಭಾಗಗಳಿಗೆ ಒಳ್ಳೆಯದಲ್ಲ. ಇಲ್ಲದಿದ್ದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಒಳಗೊಂದು ತೇವಾಂಶ ಮಾಪಕ ಸಾಕು. ಜೆಲ್ ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಬೇಕು, ಅದನ್ನು ಮರೆತರೆ ಇಟ್ಟೂ ವ್ಯರ್ಥ.

ಕೊನೆಯದಾಗಿ, ಪ್ರದರ್ಶನದ ಚಿತ್ರಗಳನ್ನು ಇಂಟರ್ನೆಟ್‌ಗೂ ಹಾಕುವುದಾದರೆ ಫೈಲಿನಲ್ಲಿರುವ ಜಿಪಿಎಸ್ ಮಾಹಿತಿ ತೆಗೆದುಹಾಕಿ. ಎಕ್ಸ್‌ಪೋರ್ಟ್ ಮಾಡುವಾಗ ಸ್ಥಳದ ಮಾಹಿತಿ ಕೈಬಿಡುವ ಆಯ್ಕೆ ಹಲವು ಎಡಿಟಿಂಗ್ ತಂತ್ರಾಂಶಗಳಲ್ಲಿದೆ. ಮೊಬೈಲಿನಲ್ಲಿ ತೆಗೆದದ್ದಾದರೆ ಇನ್ನೂ ಹೆಚ್ಚು ಎಚ್ಚರ, ಅದು ನಿಮಗೆ ಗೊತ್ತಿಲ್ಲದೆಯೇ ಸ್ಥಳ ಬರೆದುಕೊಂಡಿರಬಹುದು. ಕಳ್ಳಬೇಟೆಯವರಿಗೆ ಬೇಕಾದ್ದು ಯಾವ ಪ್ರಾಣಿ ಯಾವ ದಿನ ಯಾವ ತಿರುವಿನಲ್ಲಿತ್ತು ಎಂಬುದೇ. ಅಡಿಬರಹದಲ್ಲಿ ಉದ್ಯಾನದ ಹೆಸರು ಸಾಕು, ವಲಯ, ರಸ್ತೆ, ಹೊಂಡದ ಹೆಸರು ಬೇಡ. ಎರಡನೇ ಚಿತ್ರದ ಕಿವಿಯ ಕಚ್ಚಿನಿಂದ ಆ ಪ್ರಾಣಿ ಯಾವುದೆಂದು ತಿಳಿಯುವುದರಿಂದ, ಅದರ ಜೊತೆ ತೆಗೆದ ದಿನಾಂಕವನ್ನೂ ಹಾಕದಿರುವುದು ಒಳ್ಳೆಯದು.